ಡ್ರೈವಿಂಗ್ ಪರೀಕ್ಷಕನ ಬಲಗೆನ್ನೆ

ಜನವರಿ 8

ದಿನಚರಿ ಬರೆಯುವುದು ಕೆಲಸವಿಲ್ಲದವರ ಕೆಲಸ ಎಂದು ಹೇಳುತ್ತ ಬಂದವನು ನಾನು. ಇಂದು ಮಧ್ಯಾಹ್ನದಿಂದ ನಾನೂ ಆ ಜಾತಿಗೆ ಸೇರಿದ್ದೇನೆ.

ನಡೆದದ್ದು ಇಷ್ಟು. ಲೈಸೆನ್ಸ್ ಪರೀಕ್ಷೆಗೆ ಬಂದ ಒಬ್ಬ ಮಹಾಶಯ ಕಾರನ್ನು ರಿವರ್ಸ್ ತೆಗೆಯುವಾಗ ಕನ್ನಡಿ ನೋಡುವ ಬದಲು ನನ್ನ ಬಲಗೆನ್ನೆ ನೋಡಿದ. ನೋಡುತ್ತಲೇ ಇದ್ದ. ಕಾರು ಹೋಗಿ ಕಚೇರಿಯ ಹೂಕುಂಡಗಳ ಸಾಲಿಗೆ ನುಗ್ಗಿತು. ಇದು ಮೊದಲ ಸಲವೂ ಅಲ್ಲ. ಎರಡು ವರ್ಷದ ಹಿಂದೆ ಕಿವಿಯ ಕೆಳಗೆ ಒಂದು ಗಡ್ಡೆಯಾಗಿ, ಅದನ್ನು ತೆಗೆದಾಗ ಜೊತೆಗೆ ಜೊಲ್ಲುಗ್ರಂಥಿಯೂ ಹೋಯಿತು. ಗಡ್ಡೆ ನಿರಪಾಯದ್ದು, ಆದರೆ ಅದಿದ್ದ ಜಾಗದಲ್ಲಿ ಗುಳಿ ಬಿತ್ತು. ಒಂದು ನಿಂಬೆಹಣ್ಣು ಆರಾಮವಾಗಿ ಕೂರಬಹುದು. ದುರದೃಷ್ಟಕ್ಕೆ ಅದು ಚಾಲಕನ ಸೀಟಿನ ಕಡೆಗಿರುವ ಕೆನ್ನೆ. ನಕ್ಕರೆ ಗುಳಿ ಇನ್ನೂ ಆಳವಾಗುತ್ತಿತ್ತು. ಹಾಗಾಗಿ ನಗುವುದನ್ನು ನಿಲ್ಲಿಸಿದೆ. ಅದರಿಂದ ಕೆಲಸಕ್ಕೆ ಅನುಕೂಲವೇ ಆಯಿತು.

ಸಾಹೇಬರು ಕರೆಸಿ, "ತಪ್ಪು ನಿಮ್ದಲ್ಲ ಕಣ್ರೀ. ಆದ್ರೆ ಹೂಕುಂಡ ಮುಗೀತಾ ಬಂತು," ಎಂದರು. ನಾಳೆಯಿಂದ ನಾನು ಹಳೆಯ ಲೈಸೆನ್ಸ್‌ಗಳಿಗೆ ಮುದ್ರೆ ಒತ್ತುವ ಕೌಂಟರಿನಲ್ಲಿ. ನನ್ನ ಸೀಟಿನಲ್ಲಿ ನಮ್ಮ ಕಚೇರಿಯ ಕಿರಿಯ ಪರೀಕ್ಷಕ ಕೂರುತ್ತಾನೆ. ಎಮ್ಮೆ ಸ್ಟೀರಿಂಗ್ ಹಿಡಿದು ಬಂದರೂ ಪಾಸ್ ಮಾಡುವ ಮನುಷ್ಯ. ಜೂನ್ ಕೊನೆಯೊಳಗೆ ಕೆನ್ನೆ ತುಂಬಿಸಿಕೊಂಡು, ಇನ್ನು ಇದು ಹೀಗೇ ಇರುತ್ತದೆ ಎಂದು ಡಾಕ್ಟರಿಂದ ಬರೆಸಿಕೊಂಡು ಬಂದರೆ ಸೀಟು ನನಗೆ. ಇಲ್ಲವಾದರೆ ಅವನಿಗೇ ಖಾಯಂ.

ಜನವರಿ 15

ಆಸ್ಪತ್ರೆ. ಡಾಕ್ಟರಮ್ಮ ಚುರುಕಿನವರು. ಹೊಟ್ಟೆಯ ಕೊಬ್ಬು ತೆಗೆದು ಕೆನ್ನೆಗೆ ತುಂಬುತ್ತಾರಂತೆ. ತುಂಬಿದ್ದರಲ್ಲಿ ಒಂದಷ್ಟನ್ನು ಮೈ ತಿಂದುಬಿಡುತ್ತದೆ, ಉಳಿದದ್ದು ಬೇರು ಬಿಡುತ್ತದೆ. ಎಷ್ಟು ಉಳಿಯಿತು ಎಂಬುದು ಕಣ್ಣಳತೆಗೆ ಸಿಗುವುದಿಲ್ಲ. ಅದಕ್ಕೆ ತ್ರೀ-ಡಿ ಕ್ಯಾಮೆರಾ. ಮೊದಲೊಂದು ಸಲ, ಆಮೇಲೆ ಕೆಲವು ಸಲ ಮುಖದ ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸಿದರೆ, ಎಲ್ಲಿ ತುಂಬಿದೆ, ಎಲ್ಲಿ ತಗ್ಗಿದೆ ಎಂದು ಮಿಲಿಲೀಟರ್ ಲೆಕ್ಕದಲ್ಲಿ ಹೇಳುತ್ತದೆ.

ಕ್ಯಾಮೆರಾ ಕೋಣೆಯಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ನನ್ನ ತಲೆಗೆ ಪಟ್ಟಿ ಕಟ್ಟಿ ಕೂದಲು ಹಿಂದಕ್ಕೆ ತಳ್ಳಿ, ಸುತ್ತ ಕಣ್ಣು ತೆರೆದುಕೊಂಡಿದ್ದ ಕ್ಯಾಮೆರಾಗಳ ನಡುವೆ ಸ್ಟೂಲಿನ ಮೇಲೆ ಕೂರಿಸಿದಳು.

"ಹಲ್ಲಿಗೆ ಹಲ್ಲು ಮೆಲ್ಲಗೆ ತಾಗಿರ್ಲಿ ಸಾರ್. ನಗೋ ಹಾಗಿಲ್ಲ, ಹುಬ್ಬು ಗಂಟು ಹಾಕೋ ಹಾಗಿಲ್ಲ. ಮುಖದಲ್ಲಿ ಏನೂ ಇರ್ಬಾರ್ದು."

"ಇರೋದೇ ಹೀಗೆ," ಎಂದೆ.

ಕ್ಲಿಕ್ ಎಂದಿತು. ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. "ಒಂದೇ ಸಲಕ್ಕೆ ಬಂತು ಸಾರ್. ಎಲ್ಲರಿಗೂ ಏನಿಲ್ಲ ಅಂದ್ರೂ ಐದಾರು ಸಲ ತೆಗೀಬೇಕು. ಇಷ್ಟು ಖಾಲಿ ಮುಖ ನಾನು ಈ ಕೆಲಸದಲ್ಲಿ ನೋಡೇ ಇಲ್ಲ."

ಪರದೆಯ ಮೇಲೆ ನನ್ನ ತಲೆ ಸುಲಿದ ಆಲೂಗಡ್ಡೆಯ ಹಾಗೆ ತಿರುಗುತ್ತಿತ್ತು. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು. ಆಗ ಅವಳು, "ನನ್ನ ಗುರುತು ಸಿಗ್ಲಿಲ್ವಾ? ಮೂರು ಸಲ ಫೇಲ್ ಮಾಡಿದ್ದೀರಿ," ಎಂದಳು. ಮುಖ ನೆನಪಾಗಲಿಲ್ಲ. ಅವಳು ರಿವರ್ಸ್ ತೆಗೆದ ರೀತಿ ಹೇಳಿದ ಮೇಲೆ ನೆನಪಾಯಿತು. ಮರೆಯುವಂಥದ್ದಲ್ಲ ಅದು.

"ಕಾರು ತಗೊಂಡು ವರ್ಷ ಆಯ್ತು ಸಾರ್. ಮನೆ ಮುಂದೆ ನಿಂತಿದೆ. ಭಾನುವಾರ ಅದರೊಳಗೆ ಕೂತು ಕಾಫಿ ಕುಡೀತೀನಿ."

ಕೊನೆಗೆ ಡಾಕ್ಟರಮ್ಮ ನನ್ನ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿಯಲು ನೋಡಿದರು. ಸಿಗಲಿಲ್ಲ. "ಮೊದ್ಲು ಸ್ವಲ್ಪ ಮೈ ಬರ್ಲಿ," ಎಂದರು. ಮೈಯಲ್ಲಿ ಏನೇ ವಿಚಿತ್ರ ಕಂಡರೂ ದಿನಾ ಬರೆದಿಡಬೇಕಂತೆ. ಬರೆಯುವುದಕ್ಕೆ ಪುಸ್ತಕವಂತೂ ಇದೆ.

ಜನವರಿ 17

ಅಕ್ಕ ಸೂಟ್‌ಕೇಸ್ ಸಮೇತ ಬಂದಿದ್ದಾಳೆ. ಯಾರು ಫೋನ್ ಮಾಡಿದರು ಎಂದು ಕೇಳಿದರೆ ನನ್ನವಳು ಅಡುಗೆಮನೆಗೆ ಹೋದಳು.

ಅಕ್ಕ ಧಾರಾಳ ಮೈಕಟ್ಟಿನವಳು, ಮನಸ್ಸೂ ಹಾಗೆಯೇ. "ಹೊಟ್ಟೆಗೇ ಇಲ್ಲದ ಕೊಬ್ಬು ಕೆನ್ನೆಗೆ ಎಲ್ಲಿಂದ ತರ್ತೀಯೋ? ನನ್ನದು ಇಷ್ಟಿದೆ, ತೆಗೀಲಿ. ಒಡಹುಟ್ಟಿದವಳಲ್ವಾ ನಾನು." ಡಾಕ್ಟರಮ್ಮನಿಗೆ ಅವಳೇ ಫೋನ್ ಮಾಡಿದಳು. ಅವರವರದ್ದೇ ಆಗಬೇಕು, ಇನ್ನೊಬ್ಬರದ್ದು ನಿಲ್ಲುವುದಿಲ್ಲ ಎಂದರಂತೆ. ಅಕ್ಕನಿಗೆ ಅವಮಾನವಾಯಿತು. "ಚಿಕ್ಕಂದಿನಲ್ಲಿ ನನ್ನ ತಟ್ಟೇದು ಕಿತ್ಕೊಂಡ್ ತಿಂದಾಗ ಎಲ್ಲ ನಿಂತಿತ್ತಲ್ಲ," ಎಂದು ಸಂಜೆವರೆಗೆ ಗೊಣಗಿದಳು.

ಜನವರಿ 29

ಬೆಣ್ಣೆ, ಆಲೂಗಡ್ಡೆ, ಕಡಲೆಬೀಜ, ಬಾಳೆಹಣ್ಣು, ಮಲಗುವ ಮುಂಚೆ ಗಟ್ಟಿ ಹಾಲು. ನನಗೆ ಸಂಕೋಚವಾಗಬಾರದೆಂದು ನನ್ನವಳೂ ಅಕ್ಕನೂ ಸರಿಸಮಕ್ಕೆ ತಿನ್ನುತ್ತಾರೆ. ಇಂದು ಮೂವರೂ ತೂಕ ನೋಡಿದೆವು. ಇಬ್ಬರದ್ದು ಏರಿದೆ. ನಾನು ಮೂರನೆಯವನು.

ಫೆಬ್ರವರಿ 14

ಹೊಟ್ಟೆ ಬೆರಳಿಗೆ ಸಿಕ್ಕಿತು. ಮನೆಯಲ್ಲಿ ಹಬ್ಬದ ವಾತಾವರಣ. ನನ್ನವಳು ಬಂದು ಬಂದು ಹಿಡಿದು ನೋಡುತ್ತಾಳೆ.

ಫೆಬ್ರವರಿ 20

ಆಪರೇಷನ್ ಆಯಿತು. ನನ್ನನ್ನು ಮಲಗಿಸಿ ತಳ್ಳಿಕೊಂಡು ಹೋದ ಸಿಬ್ಬಂದಿ ತಿರುವಿನಲ್ಲಿ ನಿಧಾನಿಸಲಿಲ್ಲ, ಎದುರಿನಿಂದ ಬಂದ ಗಾಡಿಗೆ ದಾರಿ ಬಿಡಲಿಲ್ಲ, ಬಾಗಿಲ ಬಳಿ ಹಿಂದೆ ನೋಡಲಿಲ್ಲ. ಫೇಲ್. ಹಾಗೆಂದು ಹೇಳುವಷ್ಟರಲ್ಲಿ ಮಂಪರು ಬಂತು. ಇಪ್ಪತ್ತು ಮಿಲಿ ತುಂಬಿದ್ದಾರೆ.

ಫೆಬ್ರವರಿ 23

ಬಲಗೆನ್ನೆ ಊದಿ ಬನ್ನಿನ ಹಾಗಾಗಿದೆ. ಇದು ಇಳಿಯುತ್ತದೆ, ಹೆದರಬೇಡಿ ಎಂದರು ಡಾಕ್ಟರಮ್ಮ. ಕೆನ್ನೆ ಒತ್ತಬಾರದು, ಅಂಗಾತ ಮಲಗಬೇಕು, ಗಟ್ಟಿ ಅಗಿಯಬಾರದು, ಎರಡು ವಾರ ಜೋರಾಗಿ ನಗಬಾರದು. "ಕೊನೇದು ಬಿಡಿ ಡಾಕ್ಟ್ರೇ, ಅದು ಎರಡು ವರ್ಷದಿಂದ ನಡೀತಾ ಇದೆ," ಎಂದಳು ನನ್ನವಳು. ಎಲ್ಲರ ಎದುರು ಇಂಥ ಮಾತು ಬೇಕಿತ್ತೇ?

ಊಟದ ಹೊತ್ತಿಗೆ ಅಕ್ಕ ನನ್ನ ಕೆನ್ನೆಯ ಹತ್ತಿರ ಬಾಗಿ, "ಹಸಿವಾಗಿದ್ಯಾ?" ಎಂದಳು. ನನ್ನನ್ನಲ್ಲ, ಕೆನ್ನೆಯನ್ನು ಕೇಳಿದ್ದು. ಅದು ನಿನ್ನೆಮೊನ್ನೆಯವರೆಗೆ ಹೊಟ್ಟೆಯಾಗಿತ್ತಲ್ಲ, ಹಳೆಯ ಅಭ್ಯಾಸ ಇರುತ್ತದೆ ಎಂಬುದು ಅವಳ ವಾದ.

ವಿಚಿತ್ರ ಕಂಡರೆ ಬರೆಯಬೇಕು ಎಂದಿದ್ದಾರೆ, ಬರೆಯುತ್ತೇನೆ: ಆಗ ಗಂಟಲಿನಿಂದ ಒಂದು ಶಬ್ದ ಹೊರಟಿತು. ಭುಜ ಎರಡು ಸಲ ಕುಲುಕಿತು. ನೋವಿಲ್ಲ.

ಮಾರ್ಚ್ 9

ಮುದ್ರೆ ಒತ್ತುವ ಕೌಂಟರಿಗೆ ಹಾಜರಾದೆ. ಇಪ್ಪತ್ತು ವರ್ಷದ ಹಿಂದಿನ ಫೋಟೋ ಇರುವ ಲೈಸೆನ್ಸ್ ಹಿಡಿದು ಒಬ್ಬ ಹಿರಿಯರು ಬಂದರು. ಫೋಟೋದಲ್ಲಿ ತಲೆ ತುಂಬ ಕೂದಲು, ಎದುರಿಗೆ ಬೋಳು. ಇದು ನೀವೇನಾ ಎಂದು ಕೇಳಿದೆ. "ಅಲ್ಲಪ್ಪ, ಅವನು ಆಗ್ಲೇ ಹೋದ. ನಾನು ಅವನ ಜಾಗಕ್ಕೆ ಬಂದವನು," ಎಂದರು. ಮತ್ತೆ ಅದೇ ಗಂಟಲಿನ ತೊಂದರೆ. ಮುದ್ರೆ ವಕ್ರವಾಗಿ ಬಿತ್ತು.

ಮಾರ್ಚ್ 24

ಸ್ಕ್ಯಾನ್. ಕೆನ್ನೆಯ ಮೇಲೆ ಒಳ್ಳೆಯ ಕೆಂಪು. ಕೆಂಪೆಂದರೆ ತುಂಬಿದೆ ಎಂದರ್ಥ, ನೀಲಿಯೆಂದರೆ ತಗ್ಗು. ಈ ಸಲ ಎರಡು ಸಲ ತೆಗೆಯಬೇಕಾಯಿತು. "ತುಟಿ ತುದಿ ಒಂಚೂರು ಮೇಲಿದೆ ಸಾರ್," ಎಂದಳು ಕ್ಯಾಮೆರಾದವಳು. ಬಾವು ಇರಬೇಕು ಎಂದೆ.

ಡಾಕ್ಟರಮ್ಮ ಬರುವುದು ತಡವಾಯಿತು. ರಿವರ್ಸ್‌ನಲ್ಲಿ ತನ್ನ ತಪ್ಪೇನು ಎಂದು ಅವಳು ಕೇಳಿದಳು. ಬಾಯಲ್ಲಿ ಹೇಳಿದರೆ ತಿಳಿಯುವಂಥದ್ದಲ್ಲ. ಹೊರಗಿನ ಓಣಿಯಲ್ಲಿ ಖಾಲಿ ಗಾಲಿಕುರ್ಚಿ ಇತ್ತು. ನಾನು ಕೂತೆ, ಅದನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಕ್ಯಾಮೆರಾ ಕೋಣೆಯ ಬಾಗಿಲಿನೊಳಗೆ ಸರಿಯಾಗಿ ನಿಲ್ಲಿಸಲು ಅವಳಿಗೆ ಹೇಳಿದೆ. "ನಿಧಾನ. ಹಿಂದೆ ನೋಡಿ. ಎಡಕ್ಕೆ. ನಿಮ್ಮ ಎಡಕ್ಕಲ್ಲ, ಕುರ್ಚಿಯ ಎಡಕ್ಕೆ." ಕಸದ ಡಬ್ಬಿ ಉರುಳಿತು. ಎರಡನೆಯ ಸಲ ತೂಕದ ಯಂತ್ರ. ಮೂರನೆಯ ಸಲ ಡಾಕ್ಟರಮ್ಮ. ಅವರಿಗೇನೂ ಪೆಟ್ಟಾಗಲಿಲ್ಲ, ಆದರೆ ಅವರು ನಮ್ಮಿಬ್ಬರನ್ನೂ ನೋಡಿದ ನೋಟಕ್ಕೆ ಇಂಗು ತಿಂದ ಮಂಗನ ಹಾಗಾದೆ. ಆಮೇಲೆ ಮೂವರಿಗೂ ಏನೋ ಆಯಿತು. ನನಗೆ ಕಣ್ಣಲ್ಲಿ ನೀರು ಬಂತು. ಇದನ್ನೂ ಬರೆದಿಟ್ಟಿದ್ದೇನೆ.

ಏಪ್ರಿಲ್ 11

ಕೆನ್ನೆ ಇಳಿಯುತ್ತಿದೆ.

ಏಪ್ರಿಲ್ 12

ಇಳಿಯುತ್ತಿದೆ. ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಕೆನ್ನೆ ಸಂಜೆಗೆ ಇರಲಿಲ್ಲ. ಚಮಚ ಒತ್ತಿ ಅಳೆಯಲು ಹೋದೆ. ನನ್ನವಳು ಚಮಚ ಕಿತ್ತುಕೊಂಡಳು.

ಏಪ್ರಿಲ್ 19

ಇಷ್ಟು ಇಳಿಯುವುದು ಲೆಕ್ಕದಲ್ಲೇ ಇದೆ, ಮುಂದೆ ನಿಲ್ಲುತ್ತದೆ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ನನಗೆ ನಂಬಿಕೆಯಿಲ್ಲ. ಕೌಂಟರಿನ ಕಿಟಕಿಯಿಂದ ಪರೀಕ್ಷೆಯ ಮೈದಾನ ಕಾಣುತ್ತದೆ. ಕಿರಿಯ ಇಂದು ಬ್ರೇಕ್ ಯಾವುದೆಂದು ಕೇಳಿದವಳನ್ನು ಪಾಸ್ ಮಾಡಿದ. ಭಯವಾಗುತ್ತದೆ. ಅವಳ ಬಗ್ಗೆಯಲ್ಲ, ನನ್ನ ಬಗ್ಗೆ. ಇಪ್ಪತ್ತೆರಡು ವರ್ಷ ಕೂತ ಸೀಟು ಅದು. ಅದಿಲ್ಲದೆ ನಾನು ಯಾರಿಗೆ ಏನು ಹೇಳಿಕೊಡಬಲ್ಲೆ?

ನನ್ನವಳ ಪಕ್ಕದಲ್ಲಿ ಕೂತು ಇದನ್ನೇ ಹೇಳಿದೆ. ಅವಳು ನನ್ನ ಬಲಗೆನ್ನೆ ನೋಡಿದಳು. "ನೀವು ನನ್ನ ಈ ಕಡೆ ಕೂತು ಎಷ್ಟು ಕಾಲ ಆಗಿತ್ತು," ಎಂದಳು. ಅರ್ಥವಾಗಲಿಲ್ಲ. ಎಲ್ಲಿ ಜಾಗವಿದೆಯೋ ಅಲ್ಲಿ ಕೂತಿದ್ದೆ.

ಮೇ 22

ಸ್ಕ್ಯಾನ್. ನಾಲ್ಕು ಸಲ ತೆಗೆದು ಹೇಗೋ ಒಂದು ಸಿಕ್ಕಿತು. ಹನ್ನೆರಡು ಮಿಲಿ ಉಳಿದಿದೆ. ಮುಂದಿನ ತಿಂಗಳೂ ಅಷ್ಟೇ ಇದ್ದರೆ ನಿಂತಿತು ಎಂದು ಬರೆದುಕೊಡುತ್ತಾರಂತೆ. ಕ್ಯಾಮೆರಾ ಹಳೆಯದಾಗುತ್ತಿದೆ ಎಂದು ನನ್ನ ಅನುಮಾನ. ಜನವರಿಯಲ್ಲಿ ಎಷ್ಟು ಚೆನ್ನಾಗಿತ್ತು.

ಗಾಲಿಕುರ್ಚಿ ಬಾಗಿಲೊಳಗೆ ನೆಟ್ಟಗೆ ಹೋಯಿತು. ಒಳಗೆ ಹೋದ ಮೇಲೆ ನಿಲ್ಲಲಿಲ್ಲ, ಅದು ಬೇರೆ ಮಾತು.

ಜೂನ್ 23

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಕ್ಕ, ನನ್ನವಳು ಇಬ್ಬರೂ ಬಂದಿದ್ದರು. ತಲೆಗೆ ಪಟ್ಟಿ, ಸ್ಟೂಲು, ಕ್ಲಿಕ್. ಪರದೆಯ ಮೇಲೆ ಜನವರಿಯ ಮುಖದ ಮೇಲೆ ಇಂದಿನ ಮುಖ ಕೂರಿಸಿದರು. ಹಣೆ ಹೊಂದಿತು, ಮೂಗು ಹೊಂದಿತು. ಬಲಗೆನ್ನೆ ಕೆಂಪು, ಸರಿ. ಎಡಗೆನ್ನೆಯೂ ಕೆಂಪು.

"ಈ ಕೆನ್ನೇನ ನಾವು ಮುಟ್ಟೇ ಇಲ್ಲ," ಎಂದರು ಡಾಕ್ಟರಮ್ಮ. "ಇದು ಯಾಕೆ ಬೆಳೀತು?"

"ಪಕ್ಕದ್ದನ್ನ ನೋಡಿ ಕಲ್ತಿರ್ಬೇಕು," ಎಂದಳು ಅಕ್ಕ.

ಮುಂದಿನ ಮೂರು ಚಿತ್ರಗಳು ಆ ಮಾತಿನಿಂದ ಹಾಳಾದವು. ಕ್ಯಾಮೆರಾದವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, "ಸಾರ್, ನೀವು ನಗ್ತಾ ಇದ್ದೀರಿ," ಎಂದಳು.

"ಇಲ್ಲ."

"ನಗ್ತಾ ಇದ್ದೀರಿ. ಅದಕ್ಕೇ ಎರಡೂ ಕೆನ್ನೆ ಉಬ್ಬಿವೆ."

"ನಾನು ನಗೋದಿಲ್ಲಮ್ಮ. ಯಾರನ್ನು ಬೇಕಾದ್ರೂ ಕೇಳಿ."

ಯಾರನ್ನೂ ಕೇಳಲಿಲ್ಲ. ನನ್ನವಳನ್ನೂ ಅಕ್ಕನನ್ನೂ ಹೊರಗೆ ಕಳಿಸಿದರು. ದುಃಖದ ಸಂಗತಿ ನೆನೆಸಿಕೊಳ್ಳಿ ಎಂದರು ಡಾಕ್ಟರಮ್ಮ. ಎಮ್ಮೆಯನ್ನೂ ಕಿರಿಯ ಪಾಸ್ ಮಾಡುತ್ತಾನಲ್ಲ ಎಂದು ನೆನೆಸಿಕೊಂಡೆ. ಎಮ್ಮೆ ಸೀಟ್ ಬೆಲ್ಟ್ ಹಾಕಿಕೊಂಡು ಕನ್ನಡಿ ಸರಿಮಾಡುವುದು ಕಣ್ಣಿಗೆ ಕಟ್ಟಿತು. ಆ ಚಿತ್ರವೂ ಹೋಯಿತು. ಕೊನೆಗೆ ಇನ್ನೊಬ್ಬ ರೋಗಿಯ ಸರದಿ ಬಂತು. ಸರಿಯಾದ ಅಳತೆಯಿಲ್ಲದೆ ಬರೆದುಕೊಡಲಾರೆ ಎಂದರು. ಅವರದ್ದು ನ್ಯಾಯ. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಜೂನ್ 25

ಮನೆಯಲ್ಲಿ ಅಭ್ಯಾಸ. ಕನ್ನಡಿಯ ಮುಂದೆ ಕೂತೆ, ಅಕ್ಕ ಪರೀಕ್ಷಕಳು. "ಹರಳೆಣ್ಣೆ ಕುಡಿದವರ ಹಾಗೆ ಇಟ್ಕೋ," ಎಂದಳು. ಇಟ್ಟುಕೊಂಡೆ. "ಅದಲ್ಲ, ಇದು ಕುಡಿದು ಒಂದು ಗಂಟೆ ಆದವರ ಮುಖ." ಅಭ್ಯಾಸ ಅಲ್ಲಿಗೆ ನಿಂತಿತು.

ಜೂನ್ 26

ಇಡೀ ದಿನ ಗಂಭೀರವಾಗಿದ್ದೆ. ಸಾಹೇಬರು ಕೌಂಟರಿನ ಬಳಿ ಬಂದು, "ಏನ್ರೀ ವಿಶೇಷ, ಖುಷಿಯಾಗಿದ್ದೀರಿ?" ಎಂದರು. ಸೀಟು ಹೋದ ಹಾಗೆಯೇ.

ಜೂನ್ 28

ಇಂದು ಕೊನೆಯ ಅವಕಾಶ. ಬೇಕೆಂದೇ ಒಬ್ಬನೇ ಹೋದೆ. ಕ್ಯಾಮೆರಾದವಳು ಪಟ್ಟಿ ಕಟ್ಟಿದಳು. ಮೂರು ಸಲ ತೆಗೆದಳು. ಮೂರೂ ಸಲ ಎಡಗೆನ್ನೆ ಕೆಂಪು. ನನಗೆ ಅಳು ಬರುವಂತಾಗಿತ್ತು, ಆದರೂ ಕೆಂಪು. ಈ ಮುಖಕ್ಕೆ ಏನಾಗಿದೆಯೋ ತಿಳಿಯದು.

ಅವಳು ಕ್ಯಾಮೆರಾ ಸರಿಮಾಡುತ್ತ, ಹೇಳಬೇಕೋ ಬೇಡವೋ ಎಂಬಂತೆ, "ಸಾರ್, ಒಂದು ವಿಷ್ಯ. ನಾನು ನಿನ್ನೆ ಟೆಸ್ಟ್ ಕೊಟ್ಟೆ," ಎಂದಳು.

"ಯಾರ ಹತ್ರ?"

"ನಿಮ್ಮ ಜಾಗದಲ್ಲಿದ್ದಾರಲ್ಲ, ಅವ್ರು. ಪಾಸಾದೆ. ರಿವರ್ಸ್ ಕೇಳ್ಲೇ ಇಲ್ಲ. ಅದೆಲ್ಲ ಯಾಕೆ ಬಿಡಿ, ಮುಂದಕ್ಕೆ ಹೋದ್ರೆ ಸಾಕು ಅಂದ್ರು."

ಕ್ಲಿಕ್.

ಅಷ್ಟೂ ದಿನ ಗಾಲಿಕುರ್ಚಿಯಲ್ಲಿ ಕೂತು ಗಂಟಲು ಹರಿದುಕೊಂಡದ್ದು ಯಾತಕ್ಕೆ? ಅವಳು ಮಾತ್ರ ಪರದೆ ತಿರುಗಿಸಿ ತೋರಿಸಿದಳು. ಎಡಗೆನ್ನೆಯ ಮೇಲೆ ಬಣ್ಣವೇ ಇಲ್ಲ. ಬಲಗೆನ್ನೆಯಲ್ಲಿ ಹನ್ನೆರಡು ಮಿಲಿ, ಮೇ ತಿಂಗಳಿನಷ್ಟೇ.

"ಸುಳ್ಳು ಹೇಳಿದೆ ಸಾರ್," ಎಂದಳು. "ನಿಮ್ಮ ಹಳೇ ಮುಖ ಒಂದು ಕ್ಷಣ ಬೇಕಾಗಿತ್ತು. ಟೆಸ್ಟ್ ಕೊಟ್ರೆ ನಿಮ್ಮ ಹತ್ರಾನೇ ಕೊಡೋದು."

ಅಷ್ಟು ಖುಷಿಯಾಯಿತೆಂದರೆ ಅವಳಿಗೆ ಬೈಯುವುದನ್ನೇ ಮರೆತೆ. ಡಾಕ್ಟರಮ್ಮ ಬರೆದುಕೊಟ್ಟರು, ಜೊತೆಗೆ ಚಿತ್ರದ ಒಂದು ಪ್ರತಿ. ಮನೆಗೆ ತಂದು ನನ್ನವಳಿಗೆ ತೋರಿಸಿದೆ. ಅವಳು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. "ಕೆನ್ನೆ ತುಂಬಿದೆ, ಸರಿ. ಆದ್ರೆ ಈ ಮನುಷ್ಯನ್ನ ನಾನು ಇತ್ತೀಚೆಗೆ ಮನೇಲಿ ನೋಡಿಲ್ಲ," ಎಂದಳು. ಅವಳ ಕನ್ನಡಕದ ನಂಬರ್ ಬದಲಾಗಿರಬೇಕು. ಚಿತ್ರವನ್ನು ಗೋಡೆಗೆ ಹಾಕೋಣ ಎಂದರೆ ಬೇಡವೇ ಬೇಡ ಎಂದು ಬೀರುವಿನ ತಳಕ್ಕೆ ಹಾಕಿದಳು.

ಜುಲೈ 1

ಸೀಟಿಗೆ ಮರಳಿದೆ. ಈಗ ಮುದ್ರೆ ಒತ್ತುವವನು ಕಿರಿಯ, ಅವನಿಗೆ ತಕ್ಕ ಕೆಲಸ. ಸಂತೋಷವಾಗಿದೆ. ಎಷ್ಟೆಂದರೆ ಬೆಳಿಗ್ಗೆ ಸೀಟ್ ಬೆಲ್ಟ್ ಹಾಕಿಕೊಂಡು ಅಭ್ಯರ್ಥಿ ಬರುವ ಮುಂಚೆಯೇ ಸುಮ್ಮನೆ ಕೂತಿದ್ದೆ.

ನಾಲ್ಕನೆಯವಳು ಕ್ಯಾಮೆರಾದವಳು. ರಿಯಾಯಿತಿ ತೋರಿಸಬಾರದೆಂದು ಅವಳಿಗೆ ಮೈದಾನದ ಅತಿ ಇಕ್ಕಟ್ಟಿನ ಜಾಗವನ್ನೇ ಕೊಟ್ಟೆ. ಕನ್ನಡಿ ನೋಡಿದಳು, ಹಿಂದೆ ತಿರುಗಿ ನೋಡಿದಳು, ಕಾರನ್ನು ಎರಡು ಗೆರೆಗಳ ನಡುವೆ ತಂದು ನಿಲ್ಲಿಸಿದಳು. ನಿಲ್ಲಿಸಿದಳು ಎಂಬುದು ಮುಖ್ಯ. ತಪ್ಪು ಹುಡುಕಿದೆ, ಸಿಗಲಿಲ್ಲ. ಪಾಸ್ ಎಂದು ನಿಧಾನವಾಗಿ ಬರೆದೆ, ಆ ಅಕ್ಷರಗಳನ್ನು ಬರೆದು ಅಭ್ಯಾಸವಿಲ್ಲ. ಅವಳು ಸ್ಟೀರಿಂಗ್ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ನಾನೂ ಕೂತಿದ್ದೆ, ಮುಂದಿನವರು ಕಾಯುತ್ತಿದ್ದರೂ.

ಎಲ್ಲ ಸರಿಯಾಯಿತು ಎಂದು ಬರೆದು ಮುಗಿಸುವವನಿದ್ದೆ. ಆದರೆ ಒಂದು ವಿಷಯ ಮನಸ್ಸಿಗೆ ಸಮಾಧಾನ ಕೊಡುತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಪರೀಕ್ಷೆಗೆ ಬಂದ ಒಬ್ಬನೇ ಒಬ್ಬ ಅಭ್ಯರ್ಥಿಯೂ ನನ್ನನ್ನು ನೋಡಿ ನಕ್ಕದ್ದಿಲ್ಲ. ಹೆದರಿದ್ದಾರೆ, ಬೆವರಿದ್ದಾರೆ, ಒಬ್ಬ ಅತ್ತಿದ್ದಾನೆ. ಇಂದು ಹಾಗಲ್ಲ. ಬಾಗಿಲು ತೆರೆದು ಕೂತವರು ನನ್ನ ಮುಖ ನೋಡುತ್ತಾರೆ, ಕೂಡಲೇ ನಗುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದವರೆಲ್ಲ ಹೀಗೆಯೇ.

ಕೆನ್ನೆಯಲ್ಲಿ ಯಂತ್ರಕ್ಕೂ ಕಾಣದ ಏನೋ ದೋಷ ಉಳಿದುಕೊಂಡಿದೆ. ನಾಳೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಬೇಕು.